ಮೈನಸ್ 18ರ ಕೋಣೆಯಲ್ಲಿ ತೇವಾಂಶದ ಸೆನ್ಸರ್ 84 ದಾಟುತ್ತಿಲ್ಲ, ಏಕೆ?

ಚಳಿಕೋಣೆ, ವಿಜಯಪುರ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ವಿಜಯಪುರದ ಹೊರವಲಯದ ಒಂದು ಶೀತಲಗೃಹದಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ದೊಡ್ಡ ಕೋಣೆಗಳೆಲ್ಲ ಒಣದ್ರಾಕ್ಷಿಗೆ ಮೀಸಲು. ಅವು 4 ಡಿಗ್ರಿಯಲ್ಲಿರುತ್ತವೆ, ಅವುಗಳ ತಕರಾರಿಲ್ಲ. ಹೋದ ವರ್ಷ ಮಾಲೀಕರು ಒಂದು ಸಣ್ಣ ಕೋಣೆಯನ್ನು ದಾಳಿಂಬೆ ಕಾಳು ಮತ್ತು ಸಿಹಿಜೋಳ ಇಡುವುದಕ್ಕೆಂದು ಮೈನಸ್ 18ಕ್ಕೆ ಇಳಿಸಿದರು. ನನ್ನ ನಿದ್ದೆ ಹೋಗಿದ್ದು ಅಲ್ಲಿಂದ.

ಖರೀದಿದಾರರ ತಪಾಸಣಾ ಪಟ್ಟಿಯಲ್ಲಿ ‘ತೇವಾಂಶ ಶೇ 90ರಿಂದ 95’ ಎಂದು ಬರೆದಿದೆ. ನಮ್ಮ ಸೆನ್ಸರ್ 76ರಿಂದ 83ರ ನಡುವೆ ಓಡಾಡುತ್ತದೆ. ಎಷ್ಟೇ ಏರಿದರೂ 84 ದಾಟಿದ್ದನ್ನು ನಾನು ಕಂಡಿಲ್ಲ. ಆದರೆ ತಂಪು ಮಾಡುವ ಕಾಯಿಲ್ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಜೋಳದ ಹಿಟ್ಟು ಉದುರಿಸಿದಂತೆ ಹಿಮ ಕೂತಿದೆ. ಅಷ್ಟು ಹಿಮವಿರುವ ಕೋಣೆಯಲ್ಲಿ ತೇವ ಕಡಿಮೆ ಎಂದರೆ ನಂಬುವುದು ಹೇಗೆ?

ಇದುವರೆಗೆ ಎರಡು ಸೆನ್ಸರ್ ಬದಲಿಸಿದ್ದಾಯಿತು. ಮೂರನೆಯದೂ ಹಾಗೆಯೇ. ಮಾರಿದವರು ‘ಸರಿಯಾಗಿಯೇ ಇದೆ’ ಎನ್ನುತ್ತಾರೆ. ಮಾಲೀಕರು ‘ನೀನು ಹಾಕುವುದರಲ್ಲೇ ಏನೋ ತಪ್ಪಿದೆ’ ಎನ್ನುತ್ತಾರೆ. ನಾಚಿಕೆ ಬಿಟ್ಟು ಇನ್ನೊಂದು ಮಾತು ಹೇಳುತ್ತೇನೆ: ತೇವ ಏರಲೆಂದು ಒಳಗೆ ಎರಡು ಪರಾತ ನೀರು ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಎರಡು ಪರಾತ ಮಂಜುಗಡ್ಡೆ. ಅಳತೆ 79ರಲ್ಲೇ ನಿಂತಿತ್ತು.

ಸೆನ್ಸರ್ ಕೆಟ್ಟಿದೆಯೋ, ಕೋಣೆ ಕೆಟ್ಟಿದೆಯೋ, ನನ್ನ ತಲೆ ಕೆಟ್ಟಿದೆಯೋ ತಿಳಿದವರು ಹೇಳಿ.

ಇಳಕಲ್ ಹುಡುಗ (ಸೋಮವಾರ, ರಾತ್ರಿ 10:05)

ಅಣ್ಣಾ, ನೀವು ಹಾಕಿರುವುದು ಯಾವುದು? ಡಿಎಚ್‌ಟಿ11 ಆಗಿದ್ದರೆ ಇಂದೇ ಕಿತ್ತು ಬಿಸಾಡಿ, ಅದು ಸೊನ್ನೆಗಿಂತ ಕೆಳಗೆ ಕೆಲಸಕ್ಕೆ ಬಾರದು. ಡಿಎಚ್‌ಟಿ22 ಮೈನಸ್ 40ರವರೆಗೆ ನಡೆಯುತ್ತದೆ. ನಾನು ಕಾಲೇಜಿನ ಪ್ರಾಜೆಕ್ಟ್‌ಗಾಗಿ ಅದನ್ನು ಮನೆಯ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಅದೂ ಎಂಬತ್ತರ ಆಸುಪಾಸಿನಲ್ಲೇ ನಿಂತಿತ್ತು. ಅಗ್ಗದ ಸೆನ್ಸರ್ ಹಣೆಬರಹ ಎಂದು ಬಿಟ್ಟುಬಿಟ್ಟೆ. ಎಸ್‌ಎಚ್‌ಟಿ31 ಹಾಕಿ ನೋಡಿ, ನೂರು ತೋರಿಸಬಹುದು.

ಉದ್ಯಮಬಾಗ ಪ್ಯಾನಲ್ (ಮಂಗಳವಾರ, ಬೆಳಗ್ಗೆ 7:15)

ಬೆಳಗಾವಿಯಲ್ಲಿ ನಿಯಂತ್ರಣ ಪ್ಯಾನಲ್ ಕಟ್ಟುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಸೆನ್ಸರ್ ಬದಲಿಸುವ ಮೊದಲು ಸೆನ್ಸರನ್ನು ಪರೀಕ್ಷಿಸಬೇಕು. ಅದಕ್ಕೆ ಪ್ರಯೋಗಾಲಯ ಬೇಡ, ಅಡುಗೆಮನೆ ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಸೆನ್ಸರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮನೆಯ ತಾಪದಲ್ಲಿ ಎಂಟು ಗಂಟೆ ಬಿಡಿ. ಒಳಗಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಸೆನ್ಸರ್ 73ರಿಂದ 78ರ ಒಳಗೆ ತೋರಿಸಿದರೆ ಅದರ ಮೇಲೆ ದೂರು ಹೊರಿಸಬೇಡಿ.

ಕಂಪನಿಗಳು ‘ತಪ್ಪು ಎರಡು ಶೇಕಡಾ ಮಾತ್ರ’ ಎಂದು ಬರೆಯುವುದು 25 ಡಿಗ್ರಿಗೆ. ಮೈನಸ್‌ನಲ್ಲಿ ಅದು ಎಷ್ಟಾಗುತ್ತದೆ ಎಂಬುದು ಪುಸ್ತಿಕೆಯ ಒಳಪುಟದ ಗೆರೆಚಿತ್ರದಲ್ಲಿರುತ್ತದೆ. ಅದನ್ನು ಕೊಳ್ಳುವವರೂ ನೋಡುವುದಿಲ್ಲ, ಮಾರುವವರೂ ನೋಡುವುದಿಲ್ಲ.

ಚಳಿಕೋಣೆ, ವಿಜಯಪುರ (ಬುಧವಾರ, ಬೆಳಗ್ಗೆ 6:30)

ಉಪ್ಪಿನ ಪರೀಕ್ಷೆ ಮಾಡಿದೆ ಸರ್. 76 ತೋರಿಸಿತು. ಅಂದರೆ ಸೆನ್ಸರ್ ಸರಿಯಿದೆ. ಹಾಗಾದರೆ ಕೋಣೆಯೊಳಗೆ ಅದಕ್ಕೆ ಏನಾಗುತ್ತದೆ?

ಬಬಲೇಶ್ವರದ ದ್ರಾಕ್ಷಿ (ಬುಧವಾರ, ಬೆಳಗ್ಗೆ 8:10)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯ ಒಣದ್ರಾಕ್ಷಿಯೂ ಇಂಥದ್ದೇ ಶೀತಲಗೃಹದಲ್ಲಿದೆ, ಅದಕ್ಕೇ ಓದುತ್ತಿದ್ದೆ. ಮೈನಸ್ 18 ಎಂದರೆ ನೀರೆಲ್ಲ ಗಡ್ಡೆ ಕಟ್ಟಿರುತ್ತದೆ. ಗಾಳಿಯಲ್ಲಿ ತೇವ ಎಲ್ಲಿಂದ ಬರಬೇಕು? ಇಲ್ಲದ್ದನ್ನು ಅಳೆಯಲು ಹೋದರೆ ಸೆನ್ಸರ್ ಬಾಯಿಗೆ ಬಂದ ಅಂಕಿ ಹೇಳದೆ ಇನ್ನೇನು ಮಾಡೀತು?

ಜಮಖಂಡಿ ಮಾಸ್ತರ (ಬುಧವಾರ, ಸಂಜೆ 5:50)

ಅಕ್ಕಾವರ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಉತ್ತರದ ಅರ್ಧ ಅಲ್ಲಿದೆ. ಕರ್ಪೂರವನ್ನು ತೆರೆದಿಟ್ಟರೆ ಏನಾಗುತ್ತದೆ? ಕರಗದೆ, ಒದ್ದೆಯಾಗದೆ ಸವೆದು ಹೋಗುತ್ತದೆ. ಮಂಜುಗಡ್ಡೆಯೂ ಹಾಗೆಯೇ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಮರೆತುಬಿಟ್ಟ ಐಸ್ ತುಂಡುಗಳು ಸಣ್ಣಗಾಗಿ ಮೂಲೆ ಸೇರುವುದನ್ನು ಎಲ್ಲರೂ ನೋಡಿದ್ದೇವೆ. ಗಡ್ಡೆಯಿಂದ ನೇರವಾಗಿ ಆವಿ ಏಳುತ್ತದೆ. ಆದ್ದರಿಂದ ಆ ಚಳಿಯಲ್ಲೂ ಗಾಳಿಯಲ್ಲಿ ತೇವವಿದೆ, ಪ್ರಮಾಣ ಮಾತ್ರ ಬಹಳ ಕಡಿಮೆ. ಮೈನಸ್ 18ರಲ್ಲಿ ಒಂದು ಘನಮೀಟರ್ ಗಾಳಿ ಹಿಡಿಯುವುದು ಸುಮಾರು 1 ಗ್ರಾಂ ಆವಿಯನ್ನು. ಅದೇ ನಮ್ಮ ಮಳೆಗಾಲದ 30 ಡಿಗ್ರಿ, ಶೇ 60 ತೇವದ ಗಾಳಿಯಲ್ಲಿ 18 ಗ್ರಾಂ ಇರುತ್ತದೆ. ಬಾಗಿಲು ತೆರೆದಾಗ ನುಗ್ಗುವ ಪ್ರತಿ ಘನಮೀಟರ್ ಗಾಳಿ ಮೂರು ಚಮಚಕ್ಕಿಂತ ಹೆಚ್ಚು ನೀರನ್ನು ಒಳಗೆ ಸುರಿದು ಹೋಗುತ್ತದೆ. ನಿಮ್ಮ ಚೌಕಟ್ಟಿನ ಮೇಲಿನ ‘ಜೋಳದ ಹಿಟ್ಟು’ ಅದೇ.

ಈಗ 84ರ ವಿಷಯ. ತೇವಾಂಶದ ಶೇಕಡಾ ಎಂದರೆ, ಗಾಳಿಯಲ್ಲಿರುವ ಆವಿಯನ್ನು ಗಾಳಿ ಗರಿಷ್ಠ ಹಿಡಿಯಬಲ್ಲ ಆವಿಯೊಡನೆ ಹೋಲಿಸುವುದು. ಸೊನ್ನೆಗಿಂತ ಮೇಲೆ ಆ ಗರಿಷ್ಠ ಒಂದೇ. ಸೊನ್ನೆಗಿಂತ ಕೆಳಗೆ ಗರಿಷ್ಠ ಎರಡು! ನೀರು ಮೈನಸ್ ಡಿಗ್ರಿಯಲ್ಲೂ ಗಡ್ಡೆಯಾಗದೆ ದ್ರವವಾಗಿಯೇ ಉಳಿಯಬಲ್ಲದು. ಮೋಡಗಳಲ್ಲಿ ಇದು ದಿನನಿತ್ಯದ ಸಂಗತಿ. ಹಾಗೆ ಉಳಿದ ನೀರಿನ ಮೇಲೆ ಆವಿಯ ಒತ್ತಡ ಹೆಚ್ಚು, ಮಂಜುಗಡ್ಡೆಯ ಮೇಲೆ ಕಡಿಮೆ. ಗಡ್ಡೆಯೊಳಗಿನ ಅಣುಗಳು ಬಿಗಿಯಾಗಿ ಕೈ ಹಿಡಿದು ಕೂತಿರುವುದರಿಂದ ಬಿಡಿಸಿಕೊಂಡು ಹೊರಡುವುದು ಕಷ್ಟ. ಮೈನಸ್ 18ರಲ್ಲಿ ನೀರಿನ ಲೆಕ್ಕದ ಗರಿಷ್ಠ 149 ಪಾಸ್ಕಲ್, ಮಂಜುಗಡ್ಡೆಯದು 125.

ವಿಶ್ವ ಹವಾಮಾನ ಸಂಸ್ಥೆಯ ರೂಢಿಯಂತೆ, ಸೊನ್ನೆಗಿಂತ ಕೆಳಗೂ ತೇವಾಂಶವನ್ನು ನೀರಿಗೆ ಹೋಲಿಸಿಯೇ ಹೇಳುತ್ತಾರೆ. ಸೆನ್ಸರ್‌ಗಳ ಅಂಕಿಯೂ ಸಾಮಾನ್ಯವಾಗಿ ಆ ಲೆಕ್ಕದ್ದೇ. ಆದರೆ ನಿಮ್ಮ ಕೋಣೆಯಲ್ಲಿ ದ್ರವ ನೀರು ಎಲ್ಲಿದೆ? ಇರುವುದೆಲ್ಲ ಹಿಮ. ಗಾಳಿ 125 ಪಾಸ್ಕಲ್ ಮುಟ್ಟಿದೊಡನೆ ಮಿಕ್ಕ ಆವಿಯೆಲ್ಲ ಹಿಮವಾಗಿ ಗೋಡೆ ಸೇರುತ್ತದೆ. 125ನ್ನು 149ರಿಂದ ಭಾಗಿಸಿ ನೋಡಿ. 0.84 ಬರುತ್ತದೆ.

ಆದ್ದರಿಂದ ನಿಮ್ಮ ಕೋಣೆಯಲ್ಲಿ 84 ಎಂದರೆ ಕೊಡ ತುಂಬಿದೆ ಎಂದು ಅರ್ಥ. ಮೈನಸ್ 10ರ ಕೋಣೆಯಾಗಿದ್ದರೆ ಕೊಡ 91ಕ್ಕೆ ತುಂಬುತ್ತಿತ್ತು, ಮೈನಸ್ 30ರಲ್ಲಿ 75ಕ್ಕೆ, ಮೈನಸ್ 40ರಲ್ಲಿ 68ಕ್ಕೆ. ಸೆನ್ಸರ್ ಕೆಟ್ಟಿಲ್ಲ, ಕೋಣೆಯೂ ಕೆಟ್ಟಿಲ್ಲ. ತಲೆಯ ಬಗ್ಗೆ ಪರಾತದ ಕಥೆ ಓದಿದ ಮೇಲೆ ನಾನು ಏನೂ ಹೇಳಲಾರೆ.

ಉದ್ಯಮಬಾಗ ಪ್ಯಾನಲ್ (ಬುಧವಾರ, ರಾತ್ರಿ 8:20)

ಮಾಸ್ತರೆ, ಲೆಕ್ಕ ಒಪ್ಪಿದೆ. ಆದರೆ ಒಂದು ಕಡೆ ತೊಡಕಾಗುತ್ತಿದೆ. ಸೆನ್ಸರ್ ಒಂದು ಚೂರು ಪ್ಲಾಸ್ಟಿಕ್. ನೀರಿನ ಲೆಕ್ಕ, ಐಸ್ ಲೆಕ್ಕ ಎಂಬ ರೂಢಿ ಅದಕ್ಕೆ ಹೇಗೆ ಗೊತ್ತು? ಸುತ್ತ ಐಸ್ ಇದ್ದರೆ ಅದೂ ಐಸ್ ಲೆಕ್ಕಕ್ಕೇ ಬೀಳಬೇಕಲ್ಲವೇ?

ಜಮಖಂಡಿ ಮಾಸ್ತರ (ಬುಧವಾರ, ರಾತ್ರಿ 9:45)

ಒಳ್ಳೆಯ ಪ್ರಶ್ನೆ, ತರಗತಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಈ ಸೆನ್ಸರ್ ಒಂದು ಕೆಪ್ಯಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಡುವ ಬಿಡಿಭಾಗ. ಎರಡು ತಗಡುಗಳ ನಡುವೆ ತೆಳುವಾದ ಪಾಲಿಮರ್ ಪದರ ಇರುತ್ತದೆ. ಮೇಲಿನ ತಗಡಿನ ಮೂಲಕ ಆವಿ ಒಳಗಿಳಿಯುತ್ತದೆ. ಹಾಗೆ ಕೂಡಿಡಲು ನಡುವಿನ ವಸ್ತು ಎಷ್ಟು ನೆರವಾಗುತ್ತದೆ ಎಂಬುದೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದು 80ರ ಸುಮಾರು, ಪಾಲಿಮರ್‌ನದು ಬೆರಳೆಣಿಕೆಯಷ್ಟು. ಹೀಗಾಗಿ ಪದರಕ್ಕೆ ಚೂರು ನೀರು ಸೇರಿದರೂ ಕೆಪ್ಯಾಸಿಟನ್ಸ್, ಅಂದರೆ ಆ ಕೂಡಿಡುವ ಶಕ್ತಿ, ಏರುತ್ತದೆ. ಮುಖ್ಯ ಸಂಗತಿ ಏನೆಂದರೆ, ಪದರದೊಳಗೆ ಹೊಕ್ಕ ನೀರಿನ ಅಣುಗಳು ಒಂದೊಂದಾಗಿ ಚದುರಿ ಕೂತಿರುತ್ತವೆ. ಗಡ್ಡೆ ಕಟ್ಟಲು ಗುಂಪು ಸೇರಬೇಕು, ಅಲ್ಲಿ ಅದಕ್ಕೆ ಜಾಗವಿಲ್ಲ. ಸೊನ್ನೆ ದಾಟಿದರೂ ಪದರದಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ, ಮೇಲಿನ ತಾಪದಲ್ಲಿದ್ದ ನಡತೆಯೇ ಮುಂದುವರಿಯುತ್ತದೆ. ರೂಢಿ ಅದಕ್ಕೆ ಗೊತ್ತಿಲ್ಲ, ಅದರ ಸ್ವಭಾವ ರೂಢಿಗೆ ಹೊಂದಿಕೊಂಡಿದೆ ಅಷ್ಟೆ.

ಈ ಚಳಿಯ ತಲೆನೋವು ಹಳೆಯದು. 1938ರಲ್ಲಿ ಅಮೆರಿಕದ ಡನ್‌ಮೋರ್ ಲಿಥಿಯಂ ಕ್ಲೋರೈಡ್ ಲೇಪಿಸಿದ ವಿದ್ಯುತ್ ತೇವಮಾಪಕ ಮಾಡಿದಾಗ, ಅದನ್ನು ಕಟ್ಟಿದ್ದು ಹವಾಮಾನದ ಬಲೂನಿಗೆ. ನಮ್ಮ ವಿಜಯಪುರದ ನೆತ್ತಿಯ ಮೇಲೂ ಐದು ಕಿಲೋಮೀಟರ್ ಏರಿದರೆ ಸೊನ್ನೆ ಡಿಗ್ರಿ ಸಿಗುತ್ತದೆ. ಚಳಿ ಹೆಚ್ಚಿದಂತೆ ಆ ಲೇಪದ ವಿದ್ಯುತ್ ರೋಧ ವಿಪರೀತ ಏರುತ್ತಿತ್ತು, ಅಳೆಯುವುದೇ ದುಸ್ತರ. ಫಿನ್ಲೆಂಡಿನ ವೈಸಾಲಾ ಸಂಸ್ಥೆ 1973ರಲ್ಲಿ ಪಾಲಿಮರ್ ಪದರದ ಹ್ಯುಮಿಕ್ಯಾಪ್ ತಂದ ಮೇಲೆ ದಾರಿ ಬದಲಾಯಿತು.

ಆದರೂ ಒಂದು ದೋಷ ಉಳಿದುಕೊಂಡಿತು: ನಿಧಾನ. ಚಳಿಯಲ್ಲಿ ಅಣುಗಳು ಪದರದೊಳಗೆ ತೆವಳುತ್ತವೆ. ಬಲೂನಿಗೆ ಕಟ್ಟುತ್ತಿದ್ದ ಅದೇ ಸಂಸ್ಥೆಯ ಆರ್‌ಎಸ್92 ಉಪಕರಣದ ಸೆನ್ಸರ್ 20 ಡಿಗ್ರಿಯಲ್ಲಿ ಅರ್ಧ ಸೆಕೆಂಡಿನೊಳಗೆ ಸ್ಪಂದಿಸಿದರೆ, ಮೈನಸ್ 40ರಲ್ಲಿ 20 ಸೆಕೆಂಡಿನಷ್ಟು ತೆಗೆದುಕೊಳ್ಳುತ್ತಿತ್ತು. ಅದೂ ಗಾಳಿ ರಭಸವಾಗಿ ಬೀಸುವಾಗ. ನಿಮ್ಮದಕ್ಕೆ ಮೇಲೊಂದು ಫಿಲ್ಟರ್ ಟೋಪಿಯೂ ಇದೆ. ಐದು ನಿಮಿಷ ನಿಂತು ಅಂಕಿ ಬರೆದುಕೊಂಡು ಬಂದರೆ ನಂಬಬೇಡಿ.

ಮಾಜಿ ಹವಾಲ್ದಾರ, ಗೋಕಾಕ (ಗುರುವಾರ, ಬೆಳಗ್ಗೆ 5:10)

ಮಾಸ್ತರರಿಗೆ ನಮಸ್ಕಾರ. ಲಡಾಖಿನಲ್ಲಿ ಎರಡು ಚಳಿಗಾಲ ಕಳೆದವನು ನಾನು. ಅಲ್ಲಿ ಮೀಸೆಯ ಮೇಲೆ ಹಿಮ ಕೂರುವುದೇ ನಮ್ಮ ತೇವಮಾಪಕ. ಒಂದು ಅನುಭವ ಹೇಳುತ್ತೇನೆ. ಹೊರಗಿನಿಂದ ದುರ್ಬೀನು ತಂದು ಬೆಚ್ಚಗಿನ ಬಂಕರಿನಲ್ಲಿಟ್ಟರೆ ಎರಡೇ ನಿಮಿಷದಲ್ಲಿ ಒಳಗೂ ಹೊರಗೂ ಬೆವರುತ್ತಿತ್ತು. ಮತ್ತೆ ಹೊರಗೆ ಒಯ್ದರೆ ಆ ಬೆವರು ಗಾಜಿನೊಳಗೇ ಗಡ್ಡೆ. ಆಮೇಲೆ ಹಿರಿಯರೊಬ್ಬರು ಕಲಿಸಿದರು: ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಆಮೇಲೆ ಒಳಗೆ ತಾ, ಬೆಚ್ಚಗಾಗುವವರೆಗೆ ಬಿಚ್ಚಬೇಡ. ನಿಮ್ಮ ಸೆನ್ಸರನ್ನು ತಪಾಸಣೆಗೆ ಹೊರತರುವಾಗ ಹೀಗೇ ಮಾಡಿ.

ಒಂದು ಸಂದೇಹ. ಇಷ್ಟೆಲ್ಲ ರಗಳೆ ಯಾಕೆ? ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಒಂದು, ಒಣದು ಒಂದು, ಜೋಡಿಯಾಗಿ ತೂಗು ಹಾಕಿ, ಎರಡರ ಅಂತರದಿಂದ ತೇವ ತಿಳಿದರೆ ಸಾಲದೇ?

ಜಮಖಂಡಿ ಮಾಸ್ತರ (ಗುರುವಾರ, ಬೆಳಗ್ಗೆ 9:00)

ಹವಾಲ್ದಾರ ಸಾಹೇಬರೆ, ಚೀಲದ ಮಾತಿಗೆ ನೂರು ಅಂಕ. ಜೋಡಿ ಥರ್ಮಾಮೀಟರ್ ಇಲ್ಲಿ ಸೋಲುತ್ತದೆ. ಮೊದಲನೆಯದಾಗಿ ಬಟ್ಟೆ ಗಡ್ಡೆ ಕಟ್ಟುತ್ತದೆ, ಬತ್ತಿ ನೀರು ಎಳೆಯುವುದಿಲ್ಲ, ಕೋಷ್ಟಕವೂ ಬೇರೆ ಬೇಕು. ಅದನ್ನೆಲ್ಲ ಸರಿಮಾಡಿದರೂ ಮೈನಸ್ 18ರಲ್ಲಿ ಪೂರ್ತಿ ಒಣಗಾಳಿಗೂ ಪೂರ್ತಿ ತುಂಬಿದ ಗಾಳಿಗೂ ನಡುವೆ ಎರಡು ಥರ್ಮಾಮೀಟರ್‌ಗಳ ಅಂತರ ಎರಡು ಡಿಗ್ರಿಗೂ ಕಡಿಮೆ. ಅಷ್ಟರಲ್ಲಿ ಸೊನ್ನೆಯಿಂದ ನೂರರವರೆಗೆ ಹಂಚಬೇಕು. ಒಂದು ಶೇಕಡಾ ಓದಲು ಡಿಗ್ರಿಯ ನೂರರಲ್ಲಿ ಎರಡು ಭಾಗ ಕಾಣಬೇಕು. ನನ್ನ ಕನ್ನಡಕಕ್ಕೆ ಆಗದ ಕೆಲಸ.

ಚಳಿಕೋಣೆಯವರಿಗೆ ಒಂದು ಮನೆಪಾಠ. ಉಪ್ಪಿನ ಪರೀಕ್ಷೆ ಮನೆಯ ತಾಪದ್ದಾಯಿತು. ಚಳಿಯ ಪರೀಕ್ಷೆಗೆ ಉಪ್ಪು ಬೇಡ, ಐಸ್ ಸಾಕು. ಗಾಳಿಯಾಡದ ಡಬ್ಬಿಯಲ್ಲಿ ಐಸ್ ಚೂರುಗಳನ್ನೂ ಸೆನ್ಸರನ್ನೂ ಹಾಕಿ ಆ ಕೋಣೆಯೊಳಗೇ ರಾತ್ರಿಯಿಡೀ ಬಿಡಿ. 84ಕ್ಕೆ ಬಂದು ನಿಲ್ಲಬೇಕು. ನಿಂತರೆ ನನ್ನ ಮಾತು ನಿಜ, ಇಲ್ಲದಿದ್ದರೆ ಬಂದು ಚಹಾ ಕುಡಿಸುತ್ತೇನೆ.

ಚಳಿಕೋಣೆ, ವಿಜಯಪುರ (ಶನಿವಾರ, ಬೆಳಗ್ಗೆ 7:20)

ಗುರುವಾರ ರಾತ್ರಿಯೇ ಮಾಡಿದೆ ಮಾಸ್ತರೆ. ಮೊದಲ ಸಲ ಹಾಳಾಯಿತು. ಡಬ್ಬಿಯನ್ನು ಕೂಲರ್ ಎದುರು ಇಟ್ಟಿದ್ದೆ. ಕಾಯಿಲ್ ಹಿಮ ಕರಗಿಸುವ ಡಿಫ್ರಾಸ್ಟ್ ಶುರುವಾದಾಗಲೆಲ್ಲ ತಾಪ ಎರಡು ಡಿಗ್ರಿ ಏರಿ ಇಳಿಯುತ್ತದೆ. ಡಬ್ಬಿಯೊಳಗಿನ ಅಂಕಿ 70ಕ್ಕೂ ಹೋಯಿತು, 95ಕ್ಕೂ ಹೋಯಿತು. ನಿಮಗೆ ಫೋನ್ ಮಾಡಿ ಬೈಯಬೇಕೆಂದಿದ್ದೆ. ಆಮೇಲೆ ಯೋಚಿಸಿದೆ: ಐಸ್ ತಣ್ಣಗಿದ್ದು ಸೆನ್ಸರ್ ಬೆಚ್ಚಗಾದರೆ ಒಂದು ಅಂಕಿ, ಸೆನ್ಸರ್ ಮೊದಲು ತಣ್ಣಗಾದರೆ ಇನ್ನೊಂದು.

ನಿನ್ನೆ ರಾತ್ರಿ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ, ಸಿಹಿಜೋಳದ ಪೆಟ್ಟಿಗೆಗಳ ನಡುವೆ ಹುದುಗಿಸಿದೆ. ವೈರ್ ಮಾತ್ರ ಹೊರಗೆ ತಂದೆ. ಹತ್ತು ಗಂಟೆಗೆ 61 ಇತ್ತು. ಹನ್ನೆರಡಕ್ಕೆ 77. ಬೆಳಗಿನ ಜಾವ ನಾಲ್ಕಕ್ಕೆ 83. ಆರಕ್ಕೆ 84. ಈಗಲೂ 84. ಡಬ್ಬಿಯ ಒಳಗೋಡೆಗೆ ಸಕ್ಕರೆ ಹರಳಿನಂಥ ಹಿಮ ಹತ್ತಿದೆ, ಸೆನ್ಸರ್ ಅಂಕಿ ಕದಲುತ್ತಿಲ್ಲ.

ಚಹಾ ನಾನೇ ಕುಡಿಸುತ್ತೇನೆ.

ಜಮಖಂಡಿ ಮಾಸ್ತರ (ಶನಿವಾರ, ಬೆಳಗ್ಗೆ 8:05)

ಹಾಳಾದ ಪ್ರಯೋಗದಿಂದ ನೀವು ಕಲಿತದ್ದೇ ದೊಡ್ಡದು. ಈ ಚಳಿಯಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಆವಿಯ ಗರಿಷ್ಠ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಬದಲಾಗುತ್ತದೆ. ತೇವಾಂಶ ಸರಿ ಅಳೆಯಬೇಕಾದರೆ ಮೊದಲು ತಾಪ ಸರಿ ಅಳೆಯಬೇಕು.

ಇನ್ನು ತಪಾಸಣಾ ಪಟ್ಟಿ. ಆ ‘90ರಿಂದ 95’ ಅನ್ನು ಬರೆದವರು ಮಂಜುಗಡ್ಡೆಯ ಲೆಕ್ಕದಲ್ಲೇ ಬರೆದಿರಬೇಕು, ನೀರಿನ ಲೆಕ್ಕದಲ್ಲಿ ಮೈನಸ್ 18ರ ಕೋಣೆಯಲ್ಲಿ ಅದು ನಿಲ್ಲುವುದೇ ಇಲ್ಲ. ನಿಮ್ಮ ಅಂಕಿಯನ್ನು 0.84ರಿಂದ ಭಾಗಿಸಿ. 76 ಎಂದರೆ 90. 80 ಎಂದರೆ 95. 83 ಎಂದರೆ 99. ಇಷ್ಟು ದಿನ ನೀವು ಪಟ್ಟಿಗಿಂತ ಕೆಳಗೆ ಇಳಿದೇ ಇರಲಿಲ್ಲ.

ಇಳಕಲ್ ಹುಡುಗ (ಶನಿವಾರ, ಬೆಳಗ್ಗೆ 8:30)

ಅಯ್ಯೋ! ನನ್ನ ಪ್ರಾಜೆಕ್ಟ್ ವರದಿಯಲ್ಲಿ ‘ಸೆನ್ಸರ್ ದೋಷಪೂರಿತ’ ಎಂದು ಬರೆದು ಕೊಟ್ಟಿದ್ದೇನೆ. ಅಂಕವೂ ಬಂದಿದೆ.

ಉದ್ಯಮಬಾಗ ಪ್ಯಾನಲ್ (ಶನಿವಾರ, ಮಧ್ಯಾಹ್ನ 2:10)

ಹುಡುಗನಿಗೆ ಅಂಕ ಕೊಟ್ಟವರೂ ಫ್ರೀಜರ್ ನೋಡಿರಲಿಕ್ಕಿಲ್ಲ, ಬಿಡಿ.

ತಮ್ಮಾ ಚಳಿಕೋಣೆ, ಲೆಕ್ಕ ಮುಗಿಯಿತು, ಈಗ ಕೆಲಸದ ಮಾತು. ಅಂಕಿ 84ಕ್ಕೆ ಏರಿ ಕದಲದೆ ಅಲ್ಲೇ ಅಂಟಿಕೊಂಡರೆ ಆಗ ಮಾತ್ರ ಅನುಮಾನಪಡಿ. ಬಹುಪಾಲು ಫಿಲ್ಟರ್ ಟೋಪಿಯ ರಂಧ್ರಗಳಿಗೆ ಹಿಮ ತುಂಬಿರುತ್ತದೆ. ಆಗ ಸೆನ್ಸರ್ ಕೋಣೆಯ ಗಾಳಿ ನೋಡುತ್ತಿರುವುದಿಲ್ಲ, ತನ್ನ ಟೋಪಿಯ ಹಿಮವನ್ನೇ ಅಳೆಯುತ್ತಿರುತ್ತದೆ. ಬಾಗಿಲ ಮೇಲೆ ಎಂದೂ ಹಾಕಬೇಡಿ. ಹೊರಗಿನ ಹಸಿ ಗಾಳಿ ಮೊದಲು ಮುತ್ತುವುದು ಅಲ್ಲಿಗೇ. ಕೂಲರ್ ಗಾಳಿ ನೇರವಾಗಿ ಬೀಸುವ ಕಡೆಯೂ ಬೇಡ. ಎದುರು ಗೋಡೆಯಲ್ಲಿ, ಮಾಲಿನ ಎತ್ತರಕ್ಕೆ, ಗಾಳಿ ಮರಳುವ ದಾರಿಯಲ್ಲಿ ಹಾಕಿ. ಕೆಲವು ಸೆನ್ಸರ್‌ಗಳ ಒಳಗೇ ಸಣ್ಣ ಹೀಟರ್ ಇರುತ್ತದೆ. ಎಸ್‌ಎಚ್‌ಟಿ31ರಲ್ಲೂ ಇದೆ. ಹಿಮ ಕೂತಾಗ ಅದನ್ನು ಸ್ವಲ್ಪ ಹೊತ್ತು ಹೊತ್ತಿಸಿ ಒಣಗಿಸಬಹುದು. ಆದರೆ ಹೀಟರ್ ಆರಿ, ಸೆನ್ಸರ್ ಮತ್ತೆ ಕೋಣೆಯಷ್ಟೇ ತಣ್ಣಗಾಗುವವರೆಗೆ ಬರುವ ಅಂಕಿ ಸುಳ್ಳು.

ವೈರ್ ಒಳಬರುವ ರಂಧ್ರವನ್ನು ಎರಡೂ ಬದಿ ಸಿಲಿಕೋನ್ ಹಾಕಿ ಮುಚ್ಚಿ. ಇಲ್ಲದಿದ್ದರೆ ಪೈಪಿನೊಳಗೇ ನೀರಾಗಿ, ಗಡ್ಡೆಯಾಗಿ, ಒಂದು ದಿನ ಕನೆಕ್ಟರ್ ಸುಟ್ಟುಕೊಳ್ಳುತ್ತದೆ. ಬ್ಯಾಟರಿಯ ಡೇಟಾ ಲಾಗರ್ ಇಟ್ಟರೆ ಮಾಮೂಲಿ ಆಲ್ಕಲೈನ್ ಸೆಲ್ ಬೇಡ, ಲಿಥಿಯಂ ಸೆಲ್ ಹಾಕಿ.

ನನ್ನ ಅಭಿಪ್ರಾಯ ಕೇಳಿದರೆ ಇನ್ನೊಂದು ಮಾತು. ಕಾಳು ಇರುವುದು ಬಿಗಿಯಾಗಿ ಮುಚ್ಚಿದ ಚೀಲದಲ್ಲಿ. ಕೋಣೆಯ ತೇವಕ್ಕಿಂತ ಚೀಲದ ಅಂಟು ಮುಖ್ಯ, ತಾಪ ಕದಲದಿರುವುದು ಅದಕ್ಕಿಂತ ಮುಖ್ಯ. ಚೀಲದೊಳಗೆ ಹಿಮ ಕಂಡರೆ ಸೆನ್ಸರ್ ನೋಡಬೇಡಿ, ಬಾಗಿಲು ಎಷ್ಟು ಸಲ ತೆರೆಯಿತು ಎಂದು ನೋಡಿ.

ಬಬಲೇಶ್ವರದ ದ್ರಾಕ್ಷಿ (ಶನಿವಾರ, ಸಂಜೆ 4:00)

ನಮ್ಮ ಒಣದ್ರಾಕ್ಷಿಯ 4 ಡಿಗ್ರಿ ಕೋಣೆಗೂ ಈ ಭಾಗಾಕಾರ ಬೇಕೇ?

ಜಮಖಂಡಿ ಮಾಸ್ತರ (ಶನಿವಾರ, ಸಂಜೆ 4:12)

ಬೇಡ ಅಕ್ಕಾವರೆ. ಸೊನ್ನೆಗಿಂತ ಮೇಲೆ ತೋರಿಸಿದ್ದೇ ಲೆಕ್ಕ.

ಚಳಿಕೋಣೆ, ವಿಜಯಪುರ (ಮಂಗಳವಾರ, ರಾತ್ರಿ 9:15)

ಸೆನ್ಸರನ್ನು ಎದುರು ಗೋಡೆಗೆ ಸ್ಥಳಾಂತರಿಸಿದೆ. ಪ್ರದರ್ಶಕದ ಕೆಳಗೆ ಒಂದು ಕಾಗದ ಅಂಟಿಸಿ, ಒಂದು ಸಾಲಿನಲ್ಲಿ ಸೆನ್ಸರ್ ಅಂಕಿ, ಪಕ್ಕದಲ್ಲಿ ಮಂಜುಗಡ್ಡೆಯ ಲೆಕ್ಕದ ಅಂಕಿ ಬರೆದಿದ್ದೇನೆ. ಮಾಲೀಕರು ಬಂದು ನೋಡಿ, ‘84 ಎಂದರೆ ನೂರು ಎಂದು ಯಾರು ಹೇಳಿದರು’ ಎಂದರು. ಐಸ್ ಡಬ್ಬಿ ತೋರಿಸಿದೆ. ಬಹಳ ಹೊತ್ತು ನೋಡಿ, ‘ಹಾಗಾದರೆ ಆ ಎರಡು ಸೆನ್ಸರ್ ದುಡ್ಡು?’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಕಿತ್ತುಹಾಕಿದ ಆ ಎರಡೂ ಮೇಜಿನ ಡ್ರಾದಲ್ಲೇ ಇದ್ದವು. ಅವನ್ನೂ ಒಂದೊಂದು ರಾತ್ರಿ ಐಸ್ ಡಬ್ಬಿಗೆ ಹಾಕಿದೆ. ಒಂದು 83ಕ್ಕೆ ನಿಂತಿತು. ಇನ್ನೊಂದು 71. ಬೆಳಗ್ಗೆ ಉಪ್ಪಿನ ಡಬ್ಬಿಗೆ ಹಾಕಿದರೂ ಅದು 66 ತೋರಿಸುತ್ತಿದೆ. ಮೂರರಲ್ಲಿ ಒಂದು ನಿಜವಾಗಿಯೂ ಕೆಟ್ಟಿತ್ತು, ಆದರೆ ನಾನು ಅದನ್ನು ಕಿತ್ತದ್ದು ಬೇರೆಯೇ ಕಾರಣಕ್ಕೆ.

83ರದನ್ನು ಹೆಚ್ಚುವರಿಯಾಗಿ ಬಾಗಿಲಿನ ಎದುರು ಸಾಲಿನಲ್ಲಿ ಹಾಕಿದ್ದೇನೆ. ಮಾಸ್ತರೆ, ಕೆಟ್ಟದ್ದನ್ನು ಬಿಚ್ಚಿ ನೋಡುವ ಮನಸ್ಸಿದ್ದರೆ ಹೇಳಿ, ನಾಳೆ ಬೆಳಗಿನ ಜಮಖಂಡಿ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ.